ಟಿಪ್ಪಣಿ ಪುಸ್ತಕದಲ್ಲಿ ಅಮ್ಮ

ಲಿಂಗ ಅಸಮಾನತೆಯನ್ನು ಸ್ನಾತಕೋತ್ತರ ತರಗತಿಯಲ್ಲಿ ಓದುವ ಹೆಣ್ಣುಮಕ್ಕಳು ರಜೆ ಮುಗಿಸಿ ಬಂದು ಅಳುವುದನ್ನು ಪ್ರತಿವರ್ಷ ನೋಡುತ್ತೇನೆ. ಮನೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಾರೆ. ಗುರುತು ಮರೆಸಿ ಒಬ್ಬಳ ವಿಷಯ ಬರೆಯುತ್ತಿದ್ದೇನೆ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮನೆ. ಅವಳ ಕಿರುಪ್ರಬಂಧ ಕೂಲಿಯಿಲ್ಲದ ಮನೆಗೆಲಸದ ಬಗ್ಗೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಹುಳು ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದು ಹಿಪ್ಪುನೇರಳೆ ಸೊಪ್ಪು ಮುಕ್ಕುವ ದಿನಗಳಲ್ಲಿ ಇವಳು ಕೆಲಸದ ಹೊತ್ತು ಬರೆದುಕೊಳ್ಳಲು ತಾಯಿಯ ಹಿಂದೆಯೇ ಪುಸ್ತಕ ಹಿಡಿದು ತಿರುಗಿದಳು. ಮೂರನೆಯ ದಿನ ತಾಯಿ ಅಂದರಂತೆ: “ಹುಳು ನೋಡುವ ಹಾಗೆ ನನ್ನನ್ನು ನೋಡುತ್ತೀಯಲ್ಲ. ಅದಕ್ಕಾದರೂ ಸೊಪ್ಪು ಹಾಕುತ್ತೇವೆ.”

“ಅಮ್ಮನಿಗೆ ತಿಳಿವಳಿಕೆಯೇ ಇಲ್ಲ ಮೇಡಂ” ಎಂದಳು. ನಾನು ಪುಸ್ತಕ ತೆರೆದೆ. 4.40 ಒಲೆ. 5.10 ಸೊಪ್ಪು ಕೊಯ್ಲು. 9.50, ಎಲ್ಲರದೂ ಆದ ಮೇಲೆ ಊಟ.

“ಆ ಹೊತ್ತಿಗೆ ನಿನ್ನ ಊಟ ಆಗಿತ್ತಾ?”

“ತಮ್ಮನ ಜೊತೆ ಆಗಿತ್ತು.”

ಆಮೇಲೆ ಬಹಳ ಹೊತ್ತು ಅವಳು ಮಾತಾಡಲಿಲ್ಲ.

ತಪ್ಪನ್ನು ಹುಡುಗಿಯ ತಲೆಗೇ ಕಟ್ಟಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪುವುದಿಲ್ಲ. ಹೋಗಿ ನೀನೂ ಸೊಪ್ಪು ಹೊರು ಎಂದು ನಾನು ಹೇಳಲಿಲ್ಲ. ಅದು ಒಬ್ಬ ಹೆಂಗಸಿನ ಭಾರವನ್ನು ಇನ್ನೊಬ್ಬಳ ಹೆಗಲಿಗೆ ದಾಟಿಸಿದಂತೆ. ಹೊಂದಿಕೊಂಡು ಹೋಗು ಎಂದೂ ಹೇಳಲಿಲ್ಲ. ಎಷ್ಟೋ ಹೆಣ್ಣುಮಕ್ಕಳ ಓದನ್ನು ಆ ಮಾತೇ ನಿಲ್ಲಿಸಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಹೇಳಿದ್ದು ಇಷ್ಟು. ಬರೆದದ್ದನ್ನು ಅಮ್ಮನಿಗೆ ಓದಿ ಹೇಳು, ಬಿಟ್ಟುಹೋದದ್ದನ್ನು ಅವರೇ ಸೇರಿಸಲಿ. ರಾತ್ರಿಯ ಸೊಪ್ಪು ಹಾಕುವ ಪಾಳಿಯನ್ನು ತಮ್ಮನಿಗೆ ಕೇಳು, ಅಮ್ಮನ ಎದುರಿಗೇ ಕೇಳು. ಗೂಡು ಮಾರಿದ ಹಣ ಯಾರ ಖಾತೆಗೆ ಬೀಳುತ್ತದೆ ಎಂಬುದನ್ನೂ ಬರೆದುಕೋ. ತನ್ನ ದುಡಿಮೆಯ ಲೆಕ್ಕ ತನಗೇ ಗೊತ್ತಿರುವ ಹೆಂಗಸನ್ನು ತಿಳಿವಳಿಕೆ ಇಲ್ಲದವಳು ಎನ್ನುವ ಓದು ನನ್ನ ಮಟ್ಟಿಗೆ ಅರೆಬರೆ ಓದು.

ಗೂಡು ಮಾರುಕಟ್ಟೆಗೆ ಹೋದ ಮೇಲೆ ಅವಳು ಮತ್ತೆ ಬಂದಳು. ತಮ್ಮ ಎರಡು ರಾತ್ರಿ ಎದ್ದಿದ್ದನಂತೆ, ಮೂರನೆಯ ರಾತ್ರಿ ಏಳಲಿಲ್ಲ. ಪುಸ್ತಕದಲ್ಲಿ ತಾಯಿ ಹೇಳಿ ಬರೆಸಿದ ಹೊಸ ಸಾಲೊಂದಿತ್ತು: “ನಡುರಾತ್ರಿ 2.00, ತಟ್ಟೆಗಳಿಗೆ ಇರುವೆ ಹತ್ತಿದೆಯೇ ಎಂದು ನೋಡುವುದು. ಇದನ್ನು ನೀನು ನಿದ್ದೆಯಲ್ಲಿದ್ದಾಗ ಮಾಡಿದೆ.”