ಗಾಳಿಯಿಂದ ನೀರು ತೆಗೆದ ಹೋರ್ಡಿಂಗ್: ಹೇಗೆ, ಎಲ್ಲಿ ನಡೆಯುತ್ತೆ?

ಗಾಳಿಯಿಂದ ಕುಡಿಯುವ ನೀರು ತೆಗೆದು ಕೊಡೋ ಜಾಹೀರಾತು ಫಲಕ ನಿಜವಾಗಿಯೂ ಇತ್ತಾ ಅನ್ನೋ ಪ್ರಶ್ನೆಗೆ ಉತ್ತರ: ಹೌದು, ಅದು ಕಟ್ಟುಕಥೆಯಲ್ಲ. ಪೆರು ದೇಶದ ಲಿಮಾ ಬಳಿ, ಪ್ಯಾನ್-ಅಮೆರಿಕನ್ ಹೆದ್ದಾರಿ ಪಕ್ಕ ಯುಟೆಕ್ ಎಂಬ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ಅದನ್ನು ನಿಲ್ಲಿಸಿತ್ತು. 2013ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಉದ್ದೇಶ ಬೇರೇನಲ್ಲ, ಹೊಸ ವಿದ್ಯಾರ್ಥಿಗಳನ್ನು ಸೆಳೆಯುವುದು!

ಫಲಕದೊಳಗೆ ಐದು ಯಂತ್ರಗಳು. ಗಾಳಿ ಫಿಲ್ಟರ್ ದಾಟಿ ತಣ್ಣನೆಯ ಕೊಳವೆಗಳಿಗೆ ತಾಗಿದಾಗ ತೇವ ಹನಿಗಟ್ಟುತ್ತದೆ, ಥೇಟ್ ಎಸಿಯಿಂದ ತೊಟ್ಟಿಕ್ಕುವ ನೀರಿನಂತೆ. ಆಮೇಲೆ ಇಂಗಾಲದ ಫಿಲ್ಟರ್, ಆರ್‌ಒ, ಟ್ಯಾಂಕ್, ಕೆಳಗೊಂದು ನಲ್ಲಿ. ಮೂರು ತಿಂಗಳಲ್ಲಿ 9,450 ಲೀಟರ್ ಬಂತು, ಅಂದರೆ ದಿನಕ್ಕೆ ಸುಮಾರು 100.

ಜಾಗದ ಆಯ್ಕೆಯೇ ಅರ್ಧ ಗೆಲುವು. ಅಲ್ಲಿ ಮಳೆ ಇಲ್ಲವೆಂದೇ ಹೇಳಬೇಕು, ಆದರೆ ಗಾಳಿಯ ತೇವಾಂಶ ಶೇ. 98ರವರೆಗೆ ಏರುತ್ತದೆ. ಇದನ್ನೇ ಒಣ ಊರಿಗೆ ತಂದರೆ ಕೈಕೊಡುತ್ತದೆ. 30 ಡಿಗ್ರಿ ಬಿಸಿಲಲ್ಲಿ ತೇವಾಂಶ ಶೇ. 80 ಇದ್ದರೆ ಗಾಳಿ 26 ಡಿಗ್ರಿಗೆ ತಣಿದರೆ ಸಾಕು, ಹನಿ ಮೂಡುತ್ತದೆ, ಶೇ. 30 ಇದ್ದರೆ ಸುಮಾರು 10 ಡಿಗ್ರಿಗೆ ಇಳಿಸಬೇಕು, ಆಗಲೂ ಸಿಗುವುದು ಅಲ್ಪ.

ಕರೆಂಟ್ ಬಿಲ್ ಮರೆಯಬೇಡಿ: ಒಂದು ಲೀಟರ್ ಆವಿ ನೀರಾಗಲು ಸುಮಾರು 0.68 ಯೂನಿಟ್‌ನಷ್ಟು ಶಾಖ ಹೊರಹಾಕಬೇಕು. ಹೆದ್ದಾರಿ ದೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಂಡು ನೀರಿನ ಪ್ರಮಾಣ ಇಳಿಯುತ್ತದೆ. ಟ್ಯಾಂಕ್ ತೊಳೆಯದಿದ್ದರೆ ಪಾಚಿ ಗ್ಯಾರಂಟಿ, ಜೊತೆಗೆ ಜಾಹೀರಾತುದಾರರ ಹೆಸರಿಗೂ ಮಸಿ.