ಚಳಿಗಾಲದಲ್ಲಿ ಟೊಯೋಟಾದ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರ್ ಇರುವ ಕಾರು) ಪ್ರಿಯಸ್‌ನ ಗ್ರಿಲ್, ಅಂದರೆ ಮುಂದಿನ ಜಾಲರಿ, ಮುಚ್ಚಿದರೆ ಮೈಲೇಜ್ ಹೆಚ್ಚುತ್ತದೆಯೇ?

ಅಮೆರಿಕದ ಉತ್ತರದ ಮಿನ್ನೆಸೋಟಾ ರಾಜ್ಯದಂಥ ಕಡೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಹೌದು, ಸ್ವಲ್ಪ ಹೆಚ್ಚುತ್ತದೆ. ಪವಾಡವೇನೂ ಆಗುವುದಿಲ್ಲ.

ಹೈಬ್ರಿಡ್‌ನ ಉಳಿತಾಯದ ದೊಡ್ಡ ಪಾಲು ಇರುವುದು ಎಂಜಿನ್ ಆಫ್ ಆಗುವುದರಲ್ಲಿ. ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ ಮೇಲೆ ತಣ್ಣನೆ ಗಾಳಿ ಬೀಸಿದರೆ ಕೂಲಂಟ್ (ಎಂಜಿನ್ ಸುತ್ತ ಹರಿಯುವ ದ್ರವ) ಬೇಗ ತಣ್ಣಗಾಗುತ್ತದೆ. ಒಳಗೆ ಹೀಟರ್ ಬೇರೆ ಅದೇ ಬಿಸಿಯನ್ನು ಎಳೆಯುತ್ತಿರುತ್ತದೆ. ಆಗ ಕಾರು ಓಡಿಸಲು ಬೇಕಿಲ್ಲದಿದ್ದರೂ, ಬರೀ ಬಿಸಿಗಾಗಿ ಎಂಜಿನ್ ಮತ್ತೆ ಶುರುವಾಗುತ್ತದೆ.

ತಾಪ ನೋಡಿ ಕೂಲಂಟ್ ಹರಿವನ್ನು ಬಿಟ್ಟು ತಡೆಯುವ ಥರ್ಮೋಸ್ಟಾಟ್ ಇದೆಯಲ್ಲ ಎನ್ನಬಹುದು. ಅದು ಮುಚ್ಚಿದಾಗ ರೇಡಿಯೇಟರ್‌ಗೆ ಹೋಗುವ ಕೂಲಂಟ್ ನಿಲ್ಲುತ್ತದೆ ನಿಜ, ಆದರೆ ಬಾನೆಟ್ ಒಳಗೆ ನುಗ್ಗುವ ಗಾಳಿ ನಿಲ್ಲುವುದಿಲ್ಲ.

ಅಲ್ಲಿನವರು ಸಾಮಾನ್ಯವಾಗಿ ಬಳಸುವುದು ನೀರಿನ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ. ಉದ್ದಕ್ಕೆ ಸೀಳಿರುವುದರಿಂದ ಗ್ರಿಲ್ ಪಟ್ಟಿಗೆ ಹಾಗೇ ಕಚ್ಚಿಕೊಳ್ಳುತ್ತದೆ, ಕೈಯಲ್ಲೇ ಎಳೆದು ತೆಗೆಯಬಹುದು. ರಟ್ಟು ಬೇಡ, ಹಿಮಕ್ಕೆ ನೆನೆದು ಮುದ್ದೆಯಾಗುತ್ತದೆ.

ಪೂರ್ತಿ ಮುಚ್ಚಬೇಡಿ. ಬ್ಯಾಟರಿಯ ವಿದ್ಯುತ್ತನ್ನು ಮೋಟರ್‌ಗೆ ಹೊಂದಿಸುವ ಇನ್ವರ್ಟರ್‌ಗೆ ಪ್ರತ್ಯೇಕ ಕೂಲಂಟ್ ಇದೆ, ಅದೂ ಮುಂದಿನ ಗಾಳಿಯಿಂದಲೇ ತಣ್ಣಗಾಗಬೇಕು. ಒಂದು ಓಬಿಡಿ ರೀಡರ್ (ಕಾರಿನ ಕಂಪ್ಯೂಟರ್‌ನ ಮಾಹಿತಿ ತೋರಿಸುವ ಸಾಧನ) ಹಾಕಿ ಎಂಜಿನ್ ಕೂಲಂಟ್ ತಾಪ ನೋಡುತ್ತಿರಿ. 95 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಒಂದೆರಡು ಫೋಮ್ ತುಂಡು ತೆಗೆಯಿರಿ. ಉದ್ದದ ಘಾಟಿ ಹತ್ತುವ ಮುನ್ನ, ಅಥವಾ ಹೊರಗೆ 10 ಡಿಗ್ರಿ ಮೀರಿದಾಗ, ಎಲ್ಲವನ್ನೂ ತೆಗೆದುಬಿಡಿ.

ಬ್ಯಾಟರಿಗೆ ಇದರಿಂದ ನೇರ ಲಾಭವಿಲ್ಲ, ಅದು ಹಿಂದುಗಡೆ ಇದೆ. ಅಮೆರಿಕದ 2016ರ ಮಾದರಿಯಿಂದ ಗ್ರಿಲ್ ಹಿಂದೆ ತಾನಾಗಿಯೇ ಮುಚ್ಚುವ ಷಟರ್ ಬಂತು. ನಿಮ್ಮ ಕಾರಿನಲ್ಲಿ ಅದಿದ್ದರೆ ಫೋಮ್ ಕೊಳ್ಳುವ ಅಗತ್ಯವೇ ಇಲ್ಲ.