ಹಳೆಯ ಸೀಕೋ 5 ಆಟೋಮ್ಯಾಟಿಕ್: ಪೆಟ್ರೋಲ್ ವಾಷ್‌ಗೆ ಕೊಡುವ ಮುನ್ನ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನೂ ಅದರ ಜೊತೆ ಹಾಕಿರುವ ಚಿತ್ರಗಳನ್ನೂ ನೋಡಿದೆ. ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಸೀಕೋ 5, ಒಳಗೆ 7009ಎ ಮಷೀನು. ಕೈಯಲ್ಲಿದ್ದಾಗ ಓಡುತ್ತದೆ, ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವುದರೊಳಗೆ ನಿಲ್ಲುತ್ತದೆ. ಓಡುವಷ್ಟು ಹೊತ್ತು ಗಂಟೆಗೆ ಕೆಲವು ನಿಮಿಷ ಮುಂದೆ ಹೋಗುತ್ತದೆ. ಊರಿನ ರಿಪೇರಿಯವರು ಪೆಟ್ರೋಲ್ ವಾಷ್ (ಮಷೀನನ್ನು ಪೆಟ್ರೋಲಿನಲ್ಲಿ ತೊಳೆಯುವುದು) ಮಾಡಿ, ಕೇಸಿಗೆ ಬಫ್ ಹೊಡೆದು (ಉಜ್ಜಿ ಹೊಳಪು ಬರಿಸಿ), ಡಯಲನ್ನೂ ಹೊಸದಾಗಿ ಬರೆಸಿಕೊಡುತ್ತೇನೆ ಎಂದಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಮಷೀನನ್ನು ಪೂರ್ತಿ ಬಿಚ್ಚಿ ಸರ್ವಿಸ್ ಮಾಡಿಸಬೇಕು, ಕೇಸಿಗೆ ತೊಳೆಯುವುದಷ್ಟೇ ಸಾಕು, ಡಯಲಿಗೆ ಯಾರೂ ಕೈ ಹಚ್ಚಬಾರದು. ಕಾರಣಗಳನ್ನು ವಿವರವಾಗಿ ಬರೆಯುತ್ತೇನೆ.

ಯಾರ ಕೈಗೂ ಕೊಡುವ ಮೊದಲು ಈ ವಾಚಿನಲ್ಲಿ ಕಾರ್ಖಾನೆಯಿಂದ ಬಂದದ್ದು ಎಷ್ಟು ಉಳಿದಿದೆ ಎಂದು ನೀವೇ ನೋಡಿಕೊಳ್ಳಿ. ಹಿಂಬದಿಯ ಮುಚ್ಚಳದ ಮೇಲೆ 7009 ಎಂಬ ಸಂಖ್ಯೆ, ನಡುವೆ ಒಂದು ಅಡ್ಡಗೆರೆ, ಅದರ ಮುಂದೆ ಕೇಸಿನ ಸಂಖ್ಯೆ ಇರಬೇಕು. ಮೊದಲ ನಾಲ್ಕು ಅಂಕಿಗಳು ಮಷೀನಿನ ಹೆಸರು. ಒಳಗಿನ ಮಷೀನಿನ ಮೇಲೆ ಬರೆದಿರುವುದಕ್ಕೆ ಅವು ಹೊಂದದಿದ್ದರೆ ಮುಚ್ಚಳವೋ ಮಷೀನೋ ಬೇರೆ ವಾಚಿನದು. ಅಲ್ಲೇ ಇರುವ ಆರಂಕಿಯ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿಯನ್ನೂ ಎರಡನೆಯದು ತಿಂಗಳನ್ನೂ ಹೇಳುತ್ತದೆ; ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗಳಿಗೆ ಅಂಕಿಯ ಬದಲು ಓ, ಎನ್, ಡಿ ಅಕ್ಷರಗಳಿರುತ್ತವೆ. ನಿಮ್ಮ ಚಿತ್ರದಲ್ಲಿ ಮೊದಲ ಅಂಕಿ 8 ಎಂದು ಕಾಣುತ್ತಿದೆ. ಅದು 1978 ಇರಬಹುದು, 1988 ಇರಬಹುದು. ಕೇಸಿನ ಸಂಖ್ಯೆಯನ್ನು ಅದೇ ಮಾದರಿಯ ಬೇರೆ ವಾಚುಗಳೊಂದಿಗೆ ಹೋಲಿಸಿದರೆ ದಶಕ ತಿಳಿಯುತ್ತದೆ.

ಡಯಲಿನ ವಿಷಯದಲ್ಲಿ ನನಗೆ ಅನುಮಾನವಿದೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ. ಸೀಕೋ ಡಯಲಿನ ಕೆಳ ಅಂಚಿನಲ್ಲಿ, 6 ಗಂಟೆಯ ಗುರುತಿನ ಅಕ್ಕಪಕ್ಕ, ಬರಿಗಣ್ಣಿಗೆ ಧೂಳಿನ ಸಾಲಿನಂತೆ ಕಾಣುವಷ್ಟು ಚಿಕ್ಕದಾಗಿ ಡಯಲ್ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಲೂಪ್ (ವಾಚಿನವರ ಭೂತಗನ್ನಡಿ) ಹಿಡಿದು ನೋಡಿದರೆ ಮೂಲ ಡಯಲಿನಲ್ಲಿ ಆ ಅಕ್ಷರಗಳ ಅಂಚು ಕತ್ತರಿಸಿದಂತೆ ಚೊಕ್ಕವಾಗಿರುತ್ತದೆ. ಮತ್ತೆ ಬರೆಸಿದ ಡಯಲಿನಲ್ಲಿ ಆ ಸಾಲೇ ಇರುವುದಿಲ್ಲ ಅಥವಾ ಮಸಿ ಹರಡಿಕೊಂಡಿರುತ್ತದೆ. ನಿಮಿಷದ ಗೆರೆಗಳು ಲೋಹದ ಗುರುತುಗಳ ನಡುಮಧ್ಯಕ್ಕೆ ಬರುತ್ತವೆಯೇ, ವಾರ ಮತ್ತು ತಾರೀಖಿನ ಕಿಟಕಿಯ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದೆಯೇ ಎಂಬುದನ್ನೂ ಗಮನಿಸಿ. ಹೊಳೆಯುವ ಕಿತ್ತಳೆ, ಗಿಳಿಹಸಿರು ಬಣ್ಣದ ಡಯಲುಗಳನ್ನು ಹಾಕಿ, ನಾಲ್ಕಾರು ವಾಚುಗಳ ಭಾಗಗಳನ್ನು ಸೇರಿಸಿ ಮಾರುವ ಮಾಲಿಗೆ ಜಗತ್ತಿನಾದ್ಯಂತದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ನಿಮ್ಮ ಕಿತ್ತಳೆ ಡಯಲು ಆ ಜಾತಿಯದೇ ಆಗಿದ್ದರೂ ವಾಚು ದಂಡವಾಯಿತೆಂದು ಕೊರಗಬೇಕಿಲ್ಲ. ಮಷೀನು ಗಟ್ಟಿಯಿದ್ದರೆ ದಿನವೂ ಕಟ್ಟಿಕೊಳ್ಳುವ ಒಳ್ಳೆಯ ವಾಚೇ ಆಗುತ್ತದೆ, ಮಾರುವಾಗ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಬೇಕು. ಒಂದು ವೇಳೆ ಡಯಲು ಮೂಲದ್ದೇ ಆಗಿದ್ದರೆ, ಅದರ ಮೇಲಿನ ಕಲೆಗಳ ಸಮೇತ ಇಟ್ಟುಕೊಳ್ಳುವುದೇ ಮೇಲು. ಬಡ್ಸ್ ಹಚ್ಚಿ ಒರೆಸಲು ಹೋದರೆ ಕಲೆಗಿಂತ ಮೊದಲು ಮುದ್ರಿಸಿದ ಅಕ್ಷರಗಳೇ ಎದ್ದು ಬರುತ್ತವೆ. ಗಾಳಿ ಊದುವ ರಬ್ಬರ್ ಬ್ಲೋವರ್‌ಗಿಂತ ಹೆಚ್ಚಿನದೇನೂ ಡಯಲಿಗೆ ಬೇಡ.

ಇನ್ನು, ಸಮಯಕ್ಕಿಂತ ಮುಂದೆ ಓಡುವ ತೊಂದರೆ. ದಿನಕ್ಕೆ ಒಂದೆರಡು ನಿಮಿಷದ ವ್ಯತ್ಯಾಸವಾಗಿದ್ದರೆ ಬೇರೆ ಮಾತು. ಗಂಟೆಗೆ ನಿಮಿಷಗಟ್ಟಲೆ ಮುಂದೆ ಹೋಗುತ್ತಿದೆ ಎಂದರೆ ಹೇರ್‌ಸ್ಪ್ರಿಂಗಿನ (ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗಿನ) ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಸುತ್ತುಗಳು ಅಂಟಿದಾಗ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಕಡಿಮೆಯಾಗಿ ಬ್ಯಾಲೆನ್ಸ್ ವೀಲ್ (ಅತ್ತಿತ್ತ ಆಡುತ್ತ ವಾಚಿನ ವೇಗವನ್ನು ನಿರ್ಧರಿಸುವ ಚಕ್ರ) ಬೇಗಬೇಗ ಆಡುತ್ತದೆ. ಇದಕ್ಕೆ ಕಾರಣ ಎರಡು: ಅಯಸ್ಕಾಂತದ ಪ್ರಭಾವ ಅಥವಾ ಸ್ಪ್ರಿಂಗಿಗೆ ತಗುಲಿದ ಎಣ್ಣೆ. ಮೊದಲನೆಯದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಣ್ಣ ದಿಕ್ಸೂಚಿಯೊಂದನ್ನು ವಾಚಿನ ಹತ್ತಿರ ಹಿಡಿದಾಗ ಅದರ ಮುಳ್ಳು ಗಟ್ಟಿಯಾಗಿ ತಿರುಗಿದರೆ ಅಥವಾ ವಾಚಿನ ಬಡಿತಕ್ಕೆ ತಕ್ಕಂತೆ ನಡುಗಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ ಎಂದರ್ಥ. ಡಿಮ್ಯಾಗ್ನೆಟೈಸರ್ ಯಂತ್ರ ದುಬಾರಿಯಲ್ಲ. ಗುಂಡಿ ಒತ್ತಿಹಿಡಿದು ವಾಚನ್ನು ಅದರ ಮೇಲಿಟ್ಟು, ಗುಂಡಿ ಬಿಡದೆಯೇ ವಾಚನ್ನು ನಿಧಾನವಾಗಿ ಒಂದು ಮೊಳದಷ್ಟು ದೂರ ಸರಿಸಿ, ಅನಂತರ ಗುಂಡಿ ಬಿಡಬೇಕು. ಹತ್ತಿರವಿರುವಾಗಲೇ ಬಿಟ್ಟರೆ ತೊಂದರೆ ಇನ್ನೂ ಹೆಚ್ಚಾಗಬಹುದು. ಇದಾದ ಮೇಲೂ ವಾಚು ಮುಂದೆ ಓಡುತ್ತಿದ್ದರೆ ಎಣ್ಣೆಯೇ ಕಾರಣ, ಅದು ಬಿಚ್ಚಿ ತೊಳೆಯದೆ ಹೋಗುವುದಿಲ್ಲ.

ರಾತ್ರಿ ನಿಲ್ಲುವ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಒಂದು ವಿಷಯ ತಿಳಿದಿರಲಿ. 7009ರಲ್ಲಿ ಚಾವಿ ತಿರುಗಿಸಿ ಕೀ ಕೊಡುವ ವ್ಯವಸ್ಥೆಯೇ ಇಲ್ಲ, ಚಾವಿಯನ್ನು ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವುದೂ ಇಲ್ಲ. ಇವೆರಡನ್ನೂ ದೋಷವೆಂದು ತಿಳಿದು ಮಾರಿಬಿಟ್ಟವರಿದ್ದಾರೆ. ಕೈ ಆಡಿದಂತೆ ತಿರುಗುವ ರೋಟರ್ ಎಂಬ ತೂಕದ ತುಂಡಿನ ಚಲನೆಯೊಂದೇ, ವಾಚಿಗೆ ಶಕ್ತಿ ಕೊಡುವ ಮೇನ್‌ಸ್ಪ್ರಿಂಗನ್ನು ಸುತ್ತುತ್ತದೆ. ಸೀಕೋ 1959ರಲ್ಲಿ ತಂದ ಮ್ಯಾಜಿಕ್ ಲಿವರ್ ಎಂಬ ಸರಳ ಏರ್ಪಾಡು ಇದರಲ್ಲಿದೆ: ಕವಲೊಡೆದ ಸಣ್ಣ ಉಕ್ಕಿನ ತುಂಡೊಂದು ಹಲ್ಲಿನ ಚಕ್ರವನ್ನು ಒಂದು ತೋಳಿನಿಂದ ತಳ್ಳುತ್ತದೆ, ಇನ್ನೊಂದರಿಂದ ಎಳೆಯುತ್ತದೆ, ಹಾಗಾಗಿ ರೋಟರ್ ಯಾವ ಕಡೆ ತಿರುಗಿದರೂ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕುರ್ಚಿಯಲ್ಲಿ ಕುಳಿತು ದಿನ ಕಳೆಯುವವರ ಕೈಯಲ್ಲಿ ಸ್ಪ್ರಿಂಗ್ ಅರ್ಧವೂ ತುಂಬದೆ ಇರಬಹುದು. ಆದ್ದರಿಂದ ವಾಚನ್ನು ಅಡ್ಡಲಾಗಿ ಹಿಡಿದು ಎರಡು ಮೂರು ನಿಮಿಷ ಮೆಲ್ಲಗೆ ಅತ್ತಿತ್ತ ತೂಗಿ, ಡಯಲ್ ಮೇಲೆ ಮಾಡಿ ಇಟ್ಟು, ಎಷ್ಟು ಹೊತ್ತು ಓಡುತ್ತದೆ ನೋಡಿ. ಆರೋಗ್ಯವಾಗಿರುವ 7009 ಪೂರ್ತಿ ಸುತ್ತಿದರೆ ಸುಮಾರು 40 ಗಂಟೆ ಓಡುತ್ತದೆ. ಡಯಲ್ ಮೇಲಿದ್ದಾಗ ಓಡಿ ಚಾವಿ ಕೆಳಗಾದಾಗ ನಿಂತರೆ ಬ್ಯಾಲೆನ್ಸ್ ವೀಲಿನ ಪಿವಟ್ (ಅಚ್ಚಿನ ಸೂಜಿಯಂಥ ತುದಿ) ಕಡೆ ಸಂಶಯಪಡಬೇಕು. ಹೇಗಿಟ್ಟರೂ ಹತ್ತು ಗಂಟೆಯೊಳಗೆ ನಿಂತರೆ ಎಣ್ಣೆ ಒಣಗಿದೆ, ಇಲ್ಲವೇ ಮೇನ್‌ಸ್ಪ್ರಿಂಗ್ ತನ್ನ ಡಬ್ಬಿಯೊಳಗೆ (ಬ್ಯಾರೆಲ್) ಹಿಡಿತವಿಲ್ಲದೆ ಜಾರುತ್ತಿದೆ.

ಈಗ ಪೆಟ್ರೋಲ್ ವಾಷ್. ಪೆಟ್ರೋಲ್ ಜಿಡ್ಡನ್ನು ಕರಗಿಸುತ್ತದೆ ಎಂಬುದರಲ್ಲಿ ತಕರಾರಿಲ್ಲ, ಬಿಡಿಭಾಗಗಳನ್ನು ಒಂದೊಂದಾಗಿ ತೊಳೆಯಲು ಅದನ್ನು ಬಳಸುವ ಪದ್ಧತಿ ಹಳೆಯದು. ನನ್ನ ಆಕ್ಷೇಪ ಇರುವುದು ಮಷೀನನ್ನು ಬಿಚ್ಚದೆ ಇಡಿಯಾಗಿ ಅದ್ದಿ ತೆಗೆಯುವುದಕ್ಕೆ. ಹಾಗೆ ಮಾಡಿದಾಗ ಚಕ್ರಗಳ ಮೇಲಿನ ಕೊಳೆ ಕರಗಿ, ಪಿವಟ್‌ಗಳು ಕೂರುವ ಕಲ್ಲುಗಳ ರಂಧ್ರದಲ್ಲಿ ಹೋಗಿ ಸೇರುತ್ತದೆ. ಬೇಕಾದ ಗ್ರೀಸ್ ತೊಳೆದುಹೋಗುತ್ತದೆ. ಆಮೇಲೆ ಮೇಲಿನಿಂದ ಎರಡು ಹನಿ ಎಣ್ಣೆ ಬಿಟ್ಟರೆ ಅದು ಹೋಗಬಾರದ ಕಡೆಯೆಲ್ಲ ಹರಿಯುತ್ತದೆ. ವಾಚು ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತದೆ, ಅಷ್ಟರಲ್ಲಿ ಒಣಗಿದ ಪಿವಟ್‌ಗಳು ಸವೆಯುತ್ತಿರುತ್ತವೆ. ನಿಮ್ಮ ವಾಚಿನ ಹೇರ್‌ಸ್ಪ್ರಿಂಗಿಗೆ ಎಣ್ಣೆ ಸೇರಿದ್ದೇ ಆಗಿದ್ದರೆ ಹಿಂದೆ ಯಾರೋ ಇದೇ ಉಪಚಾರ ಮಾಡಿರಬೇಕು. ಆದ್ದರಿಂದ ರಿಪೇರಿಯವರನ್ನು ‘ಪೂರ್ತಿ ಬಿಚ್ಚುತ್ತೀರಾ, ಬ್ಯಾರೆಲ್ ತೆರೆಯುತ್ತೀರಾ, ಯಾವ್ಯಾವ ಎಣ್ಣೆ ಹಾಕುತ್ತೀರಿ’ ಎಂದು ವಿನಯದಿಂದಲೇ ಕೇಳಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಸಂತೋಷದಿಂದ ತೋರಿಸುತ್ತಾರೆ. ಒಂದೇ ಬಾಟಲಿಯ ಎಣ್ಣೆಯನ್ನು ಎಲ್ಲ ಕಡೆಗೂ ಹಾಕುವವರಿಗೆ ಕೊಡಬೇಡಿ: ವೇಗವಾಗಿ ತಿರುಗುವ ಪಿವಟ್‌ಗಳಿಗೆ ಮೋಬಿಯಸ್ ಕಂಪನಿಯ 9010ರಂಥ ತೆಳು ಎಣ್ಣೆ, ಪ್ಯಾಲೆಟ್ ಕಲ್ಲುಗಳಿಗೆ (ಚಕ್ರವನ್ನು ತಡೆತಡೆದು ಬಿಡುವ ಪ್ಯಾಲೆಟ್ ಫೋರ್ಕ್ ಎಂಬ ಕವಲಿನ ಕಲ್ಲುಗಳಿಗೆ) 9415, ಆಟೋಮ್ಯಾಟಿಕ್ ಬ್ಯಾರೆಲಿನ ಒಳಗೋಡೆಗೆ 8217ರಂಥ ಬ್ರೇಕಿಂಗ್ ಗ್ರೀಸ್ ಬೇಕು. ಈ ಕೊನೆಯದನ್ನು ಬಿಟ್ಟು ಸಾಮಾನ್ಯ ಎಣ್ಣೆ ಹಾಕಿದರೆ ಸ್ಪ್ರಿಂಗ್ ಬೇಗ ಜಾರಿ, ಮತ್ತದೇ ಬೆಳಗಿನ ಜಾವದ ನಿಲುಗಡೆ. ಪ್ಯಾಲೆಟ್ ಫೋರ್ಕಿನ ಪಿವಟ್‌ಗಳಿಗೆ ಮಾತ್ರ ಎಣ್ಣೆಯೇ ಬೇಡ.

ನೀವೇ ಬಿಚ್ಚುವ ಆಸೆಯಿದೆ ಎಂದೂ ಬರೆದಿದ್ದೀರಿ. ಆಸೆ ಒಳ್ಳೆಯದೇ, ಆದರೆ ಮೊದಲ ಪ್ರಯೋಗ ಈ ವಾಚಿನ ಮೇಲೆ ಬೇಡ. ನಿಂತುಹೋದ ಕೀ ಕೊಡುವ ಎಚ್‌ಎಂಟಿಯೊಂದನ್ನು ಕೊಂಡು ಅದರ ಮೇಲೆ ಕೈ ಪಳಗಿಸಿಕೊಳ್ಳಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ವಾಚುಗಳು ನಮ್ಮಲ್ಲಿ ಇನ್ನೂ ಹೇರಳವಾಗಿವೆ, ಬಿಡಿಭಾಗಗಳೂ ಸಿಗುತ್ತವೆ, ಮತ್ತು ನಮ್ಮ ಕಡೆಯ ಹಿರಿಯ ರಿಪೇರಿಯವರಿಗೆ ಆ ಮಷೀನು ಕಣ್ಣು ಮುಚ್ಚಿದರೂ ಗೊತ್ತು, ಸಿಕ್ಕಿಹಾಕಿಕೊಂಡರೆ ಬಿಡಿಸಿಕೊಡುತ್ತಾರೆ. ಅನಂತರ 7009ಕ್ಕೆ ಬನ್ನಿ. ರೋಟರ್ ನಡುವಿನ ಒಂದೇ ಸ್ಕ್ರೂ ಬಿಚ್ಚಿದರೆ ಬರುತ್ತದೆ. ಪ್ಯಾಲೆಟ್ ಫೋರ್ಕಿಗೆ ಕೈ ಹಾಕುವ ಮೊದಲು ರ್ಯಾಚೆಟ್ ಚಕ್ರದ ಸ್ಕ್ರೂವನ್ನು ಸ್ಕ್ರೂಡ್ರೈವರಿನಲ್ಲಿ ಬಿಗಿಯಾಗಿ ಹಿಡಿದು, ಆ ಚಕ್ರ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಿಕ್ಕನ್ನು ಸರಿಸಿ, ಸ್ಪ್ರಿಂಗಿನ ಬಲವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಲೇಬೇಕು. ಮರೆತರೆ ಚಕ್ರಗಳೆಲ್ಲ ಒಮ್ಮೆಲೇ ಗಿರ್ರನೆ ತಿರುಗಿ ಪಿವಟ್ ಮುರಿಯುತ್ತವೆ. ಬ್ಯಾಲೆನ್ಸಿನ ಕಲ್ಲನ್ನು ಹಿಡಿದಿರುವ ಡಯಾಶಾಕ್ (ಸೀಕೋದ ಆಘಾತ ತಡೆಯುವ ಏರ್ಪಾಡು) ಸ್ಪ್ರಿಂಗ್ ಸಾಸಿವೆ ಕಾಳಿಗಿಂತ ಚಿಕ್ಕದು, ಮೂರು ಕಾಲಿನದು, ಚಿಮುಟ ಜಾರಿದರೆ ಎಲ್ಲಿ ಹಾರಿತೆಂದು ತಿಳಿಯುವುದಿಲ್ಲ; ಅದನ್ನು ತೆಗೆಯುವಾಗ ಮಷೀನನ್ನೂ ಕೈಗಳನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಕೆಲಸ ಮಾಡಿ. ಪ್ಯಾಲೆಟ್ ಫೋರ್ಕ್ ಮತ್ತು ಬ್ಯಾಲೆನ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಹಾಕಬಾರದು, ಏಕೆಂದರೆ ಅವುಗಳ ಕಲ್ಲುಗಳನ್ನು ಅರಗಿನಿಂದ ಕೂರಿಸಿರುತ್ತಾರೆ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಪೆಟ್ರೋಲನ್ನು ಬಳಸುವುದಾದರೆ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಒಲೆ ಯಾವುದೂ ಬೇಡ.

ಜೋಡಿಸಿದ ಮೇಲೆ ಟೈಮ್‌ಗ್ರಾಫರ್ (ವಾಚಿನ ಬಡಿತ ಅಳೆಯುವ ಯಂತ್ರ) ಮೇಲಿಟ್ಟು ನೋಡಿ. ಮಷೀನಿನ ಬಡಿತ ಗಂಟೆಗೆ 21,600, ಅಂದರೆ ಸೆಕೆಂಡಿಗೆ 6. ಈ ವಯಸ್ಸಿನ ವಾಚಿಗೆ ಪೂರ್ತಿ ಸುತ್ತಿದಾಗ 220 ಡಿಗ್ರಿಗಿಂತ ಮೇಲೆ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ವೀಲ್ ತಿರುಗುವ ಕೋನ) ಬಂದು, ದಿನಕ್ಕೆ 20 ಸೆಕೆಂಡಿನ ಒಳಗೆ ವ್ಯತ್ಯಾಸವಿದ್ದರೆ ನಾನಂತೂ ಮತ್ತೆ ಕೈ ಹಾಕುವುದಿಲ್ಲ. ಬ್ಯಾಲೆನ್ಸಿನ ಮೇಲೆ ಎರಡು ಸಣ್ಣ ತೋಳುಗಳಿವೆ. ಹೇರ್‌ಸ್ಪ್ರಿಂಗಿನ ತುದಿಯನ್ನು ಹಿಡಿದಿರುವ ತೋಳು ಬೀಟ್ ಎರರ್‌ಗೆ (ಬಡಿತಗಳ ನಡುವಿನ ಅಸಮತೆಗೆ), ಇನ್ನೊಂದು ವೇಗಕ್ಕೆ. ವೇಗ ಸರಿಪಡಿಸಲು ಹೋಗಿ ಮೊದಲನೆಯದನ್ನು ಸರಿಸಿದರೆ ಎರಡೂ ಕೆಡುತ್ತವೆ, ಹಾಗಾಗಿ ಯಾವುದು ಯಾವುದೆಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಕೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಉಕ್ಕು ಹಿಂಬದಿಗೆ ಮಾತ್ರ ಸೀಮಿತ, ಮೇಲಿನದು ಕ್ರೋಮ್ ಲೇಪನ. ಬಫ್ ಹೊಡೆದರೆ ಅಡಿಯ ಹಿತ್ತಾಳೆ ಹೊರಬರುತ್ತದೆ. ಪೂರ್ತಿ ಉಕ್ಕಿನದಾದರೂ ಬಫ್‌ಗೆ ಸಿಕ್ಕ ಅಂಚುಗಳು ಸೋಪಿನಂತೆ ದುಂಡಗಾಗುತ್ತವೆ, ಮರಳಿ ಬರುವುದಿಲ್ಲ. ಮಷೀನು ಹೊರಗಿರುವಾಗ ಖಾಲಿ ಕೇಸನ್ನು ಪಾತ್ರೆ ತೊಳೆಯುವ ದ್ರವ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಸಂದಿಗಳಲ್ಲಿನ ಬೆವರಿನ ಕೊಳೆಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಗ್ಲಾಸ್ ಅಕ್ರಿಲಿಕ್ ಆಗಿದ್ದರೆ ಬ್ರಾಸೋ ಹಚ್ಚಿ ಉಜ್ಜಿದರೆ ಗೀರು ಮಾಯವಾಗುತ್ತದೆ. ಸೀಕೋದ ಹಾರ್ಡ್‌ಲೆಕ್ಸ್ ಎಂಬ ಗಟ್ಟಿ ಗಾಜಾಗಿದ್ದರೆ ಉಜ್ಜಿ ಫಲವಿಲ್ಲ, ಬದಲಾಯಿಸಬೇಕು. ಮುಚ್ಚಳದ ಗ್ಯಾಸ್ಕೆಟ್ ಹೊಸದು ಹಾಕಿಸಿ, ಹಾಕಿಸಿದ ಮೇಲೂ ನೀರಿನಿಂದ ದೂರವಿಡಿ.

ಸರ್ವಿಸ್ ಆಗುವವರೆಗೆ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಚಾವಿಯಿಂದ ತಾರೀಖು, ವಾರ ಬದಲಿಸಬೇಡಿ. ಆ ಹೊತ್ತಿನಲ್ಲಿ ಬದಲಾವಣೆಯ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ದಿಕ್ಸೂಚಿಯ ಪರೀಕ್ಷೆ ಮಾಡಿ, ಡಯಲಿನ ಕೆಳ ಅಂಚಿನ ಹತ್ತಿರದ ಚಿತ್ರವೊಂದನ್ನು ಇಲ್ಲೇ ಹಾಕಿ, ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.